ಮನೆಯೊಳಗಿನ ವೈಫೈ: ಪೆಟ್ಟಿಗೆಗಿಂತ ತಂತಿ ಮುಖ್ಯ

ಮುಂಬಯಿ, ಪುಣೆಗಳಂತಹ ನಗರಗಳಲ್ಲಿ ಬಹುಕಾಲದಿಂದ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ, ಒಂದು ಸಣ್ಣ ಫ್ಲಾಟಿನಲ್ಲಿ ಸಂಸಾರ ಹೂಡಿ, ಮಕ್ಕಳು ಬೆಳೆದಂತೆ ಪಕ್ಕದ ಫ್ಲಾಟನ್ನೂ ಕೊಂಡು, ನಡುವೆ ಬಾಗಿಲು ತೆರೆಸಿಕೊಂಡವರು ಹಲವರಿದ್ದಾರೆ. ವಾಸಕ್ಕೆ ಇದು ಅನುಕೂಲವೇ. ಆದರೆ ಇಂಟರ್‌ನೆಟ್ಟಿನ ಫೈಬರ್ ತಂತಿ ಬರುವುದು ಹಳೆಯ ಫ್ಲಾಟಿನ ಹಜಾರಕ್ಕೆ ಮಾತ್ರ. ಹೊಸ ಭಾಗದ ಕೋಣೆಯಲ್ಲಿ ಮಗನ ಕಚೇರಿಯ ಸಭೆ ಅರ್ಧಕ್ಕೆ ಕಡಿಯುತ್ತದೆ. ಮೊಮ್ಮಗಳ ಆನ್‌ಲೈನ್ ಪರೀಕ್ಷೆಯ ಪುಟ ತೆರೆಯುವುದಿಲ್ಲ. ಊರಿನಲ್ಲಿರುವ ಅಕ್ಕನೊಡನೆ ವಿಡಿಯೋದಲ್ಲಿ ಮಾತನಾಡುವಾಗ ಮುಖ ಸ್ತಬ್ಧವಾಗಿ ದನಿ ಮಾತ್ರ ಕೇಳಿಸುತ್ತದೆ. ಆಗ ಅಂಗಡಿಯವರು ಸೂಚಿಸುವ ಪರಿಹಾರ ‘ಮೆಶ್ ವೈಫೈ’. ಅದನ್ನು ತಂದ ಮೇಲೂ ತೊಂದರೆ ನೀಗದಿದ್ದಾಗ ಇನ್ನೊಂದು ಪೆಟ್ಟಿಗೆಯನ್ನು ಕೊಳ್ಳುವವರಿದ್ದಾರೆ. ಅದಕ್ಕೆ ಮೊದಲು ಈ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ಅರಿಯುವುದು ಒಳಿತು.

ಮೆಶ್ ಎಂದರೇನು?

ಮೆಶ್ ಎಂದರೆ ಒಂದೇ ಹೆಸರು, ಒಂದೇ ಪಾಸ್‌ವರ್ಡಿನಿಂದ ಕೂಡಿ ದುಡಿಯುವ ಎರಡು ಅಥವಾ ಮೂರು ವೈಫೈ ಪೆಟ್ಟಿಗೆಗಳ ಗುಂಪು. ಮುಖ್ಯ ಪೆಟ್ಟಿಗೆಯು ಫೈಬರ್ ಮೋಡೆಮ್‌ಗೆ ಹೊಂದಿಕೊಂಡಿರುತ್ತದೆ. ಉಳಿದವು ದೂರದ ಕೋಣೆಗಳಲ್ಲಿದ್ದು ಫೋನ್, ಲ್ಯಾಪ್‌ಟಾಪ್‌ಗಳಿಗೆ ಸಂಪರ್ಕ ನೀಡುತ್ತವೆ. ದೂರದ ಪೆಟ್ಟಿಗೆಗೆ ಮುಖ್ಯ ಪೆಟ್ಟಿಗೆಯಿಂದ ಮಾಹಿತಿ ಹರಿದು ಬರುವ ಹಾದಿಯನ್ನು ‘ಬ್ಯಾಕ್‌ಹಾಲ್’ ಎನ್ನುತ್ತಾರೆ. ಇಡೀ ವ್ಯವಸ್ಥೆಯ ಸತ್ವ ಅಡಗಿರುವುದು ಈ ಹಾದಿಯಲ್ಲಿಯೇ.

ಸಾಮಾನ್ಯವಾಗಿ ಈ ಹಾದಿಯೂ ನಿಸ್ತಂತುವಾಗಿಯೇ ಇರುತ್ತದೆ. ಫೋನಿನ ಸಂಕೇತವನ್ನು ತಡೆದ ಕಾಂಕ್ರೀಟ್ ಗೋಡೆಯೇ ಪೆಟ್ಟಿಗೆಗಳ ನಡುವಣ ಸಂಕೇತವನ್ನೂ ತಡೆಯುತ್ತದೆ. ವೇಗ ಹೆಚ್ಚಿರುವ 5 ಗಿಗಾಹರ್ಟ್ಸ್ ತರಂಗಗಳು 2.4 ಗಿಗಾಹರ್ಟ್ಸ್ ತರಂಗಗಳಿಗಿಂತ ಬೇಗ ಗೋಡೆಗೆ ಸೋಲುತ್ತವೆ. ಇದಲ್ಲದೆ, ಅಗ್ಗದ ಪೆಟ್ಟಿಗೆಗಳು ಒಂದೇ ತರಂಗದ ಮೇಲೆ ಮಾಹಿತಿಯನ್ನು ಪಡೆದು ಅದರ ಮೇಲೆಯೇ ಮುಂದಕ್ಕೆ ದಾಟಿಸಬೇಕಾಗಿರುವುದರಿಂದ ಪ್ರತಿಯೊಂದು ಜಿಗಿತಕ್ಕೂ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಫೋನಿನಲ್ಲಿ ಸಂಕೇತದ ಗೆರೆಗಳು ಪೂರ್ಣವಾಗಿದ್ದರೂ ಪುಟ ತೆರೆಯದಿರುವುದಕ್ಕೆ ಕಾರಣವಿದು: ಆ ಗೆರೆಗಳು ತೋರಿಸುವುದು ಫೋನಿಗೂ ಹತ್ತಿರದ ಪೆಟ್ಟಿಗೆಗೂ ಇರುವ ನಂಟನ್ನು ಮಾತ್ರ. ತೊಟ್ಟಿಯಿಂದ ಬರುವ ಪೈಪು ಕಿರಿದಾಗಿದ್ದರೆ ಬಚ್ಚಲಿನ ನಲ್ಲಿಯನ್ನು ದೊಡ್ಡದು ಮಾಡಿ ಫಲವಿಲ್ಲ.

ತಂತಿಯ ಆಯ್ಕೆ

ಪೆಟ್ಟಿಗೆಗಳ ನಡುವೆ ಒಂದು ಈಥರ್‌ನೆಟ್ ತಂತಿಯನ್ನು ಎಳೆದರೆ ಗೋಡೆಯ ಪ್ರಶ್ನೆಯೇ ಉಳಿಯುವುದಿಲ್ಲ. ವೈಫೈ ತರಂಗಗಳೆಲ್ಲವೂ ಫೋನ್, ಲ್ಯಾಪ್‌ಟಾಪ್‌ಗಳ ಸೇವೆಗೇ ಮೀಸಲಾಗುತ್ತವೆ. ಕ್ಯಾಟ್-5ಇ ಅಥವಾ ಕ್ಯಾಟ್-6 ದರ್ಜೆಯ ತಂತಿಯು 100 ಮೀಟರ್ ದೂರದವರೆಗೆ ಸೆಕೆಂಡಿಗೆ 1,000 ಮೆಗಾಬಿಟ್ ವೇಗವನ್ನು ಕುಂದಿಲ್ಲದೆ ಒಯ್ಯುತ್ತದೆ. ಯಾವ ಫ್ಲಾಟಿಗೂ ಇಷ್ಟು ಉದ್ದ ಧಾರಾಳ.

ಕೊಳ್ಳುವಾಗ ಶುದ್ಧ ತಾಮ್ರದ ತಂತಿಯನ್ನೇ ಕೇಳಿ ಪಡೆಯಬೇಕು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪವಿರುವ ಅಗ್ಗದ ತಂತಿಯೂ ಮಾರುಕಟ್ಟೆಯಲ್ಲಿದೆ. ಅದು ಬೇಗ ಮುರಿಯುತ್ತದೆ, ಸಂಕೇತವನ್ನೂ ಕುಂದಿಸುತ್ತದೆ. ತಂತಿಯೊಳಗೆ ಎಂಟು ಎಳೆಗಳಿವೆ. 1,000 ಮೆಗಾಬಿಟ್ ವೇಗಕ್ಕೆ ಎಂಟೂ ಸರಿಯಾಗಿರಬೇಕು. 100 ಮೆಗಾಬಿಟ್‌ಗೆ ನಾಲ್ಕು ಸಾಕು. ಆದ್ದರಿಂದ ಒಂದು ಎಳೆ ತುಂಡಾದರೂ ಸಂಪರ್ಕ ಪೂರ್ತಿ ನಿಲ್ಲದೆ ವೇಗ ಮಾತ್ರ ಹತ್ತನೆಯ ಒಂದು ಭಾಗಕ್ಕೆ ಕುಸಿಯಬಹುದು. ಕೆಲಸ ಮುಗಿಸಿದವರಿಗೆ ಹಣ ಕೊಡುವ ಮೊದಲು ಪೆಟ್ಟಿಗೆಯ ಆ್ಯಪಿನಲ್ಲಿ ತಂತಿಯ ವೇಗ 1,000 ಎಂದಿದೆಯೇ, 100 ಎಂದಿದೆಯೇ ಎಂದು ನೋಡಿಕೊಳ್ಳಬೇಕು.

ಹಿಂದೆ ಕೇಬಲ್ ಟಿವಿಗಾಗಿ ಗೋಡೆಯೊಳಗೆ ಹಾಕಿದ ಪೈಪು ಇದ್ದರೆ ಗೋಡೆ ಒಡೆಯದೆ ತಂತಿಯನ್ನು ಅದರೊಳಗೆ ಎಳೆಯಬಹುದು. ಇಲ್ಲವಾದರೆ ಗೋಡೆಯ ಅಂಚಿನಲ್ಲಿ ಪ್ಲಾಸ್ಟಿಕ್ ಪಟ್ಟಿ ಸಾಕು. ವಿದ್ಯುತ್ ತಂತಿಯಿರುವ ಪೈಪಿನಲ್ಲಿ ಮಾತ್ರ ಇದನ್ನು ಸೇರಿಸಬಾರದು. ಕಟ್ಟಡದ ಹೊರಗೋಡೆಯ ಮೇಲೆ ಒಯ್ಯುವುದಾದರೆ ಹೌಸಿಂಗ್ ಸೊಸೈಟಿಯ ಒಪ್ಪಿಗೆ ಪಡೆಯಬೇಕು. ಮಳೆಗಾಲದ ನೀರು, ಸಿಡಿಲುಗಳ ಎಚ್ಚರವೂ ಇರಬೇಕು. ಎರಡು ಕಟ್ಟಡಗಳ ನಡುವೆ ಸಂಪರ್ಕ ಬೇಕಾದಲ್ಲಿ ವಿದ್ಯುತ್ತನ್ನು ಹಾಯಿಸದ ಗಾಜಿನ ಫೈಬರ್ ತಂತಿ ಕ್ಷೇಮಕರ.

ಜೋಡಣೆಯ ಕ್ರಮ

ಫೈಬರ್ ಮೋಡೆಮ್, ಅದರಿಂದ ಮುಖ್ಯ ಪೆಟ್ಟಿಗೆ, ಅದರಿಂದ ಸ್ವಿಚ್, ಸ್ವಿಚ್ಚಿನಿಂದ ಉಳಿದ ಪೆಟ್ಟಿಗೆಗಳು: ಇದು ಸರಿಯಾದ ಕ್ರಮ. ಇಲ್ಲಿ ಸ್ವಿಚ್ ಎಂದರೆ ದೀಪದ ಗುಂಡಿಯಲ್ಲ; ಒಂದು ತಂತಿಯನ್ನು ಹಲವು ತಂತಿಗಳಾಗಿ ಕವಲೊಡೆಸುವ ಸಣ್ಣ ಉಪಕರಣ. ಮುಖ್ಯ ಪೆಟ್ಟಿಗೆಯು ರೌಟರ್ ಆಗಿ ಕೆಲಸ ಮಾಡುತ್ತಿರುವಾಗ ದೂರದ ಪೆಟ್ಟಿಗೆಯ ತಂತಿಯನ್ನು ನೇರವಾಗಿ ಫೈಬರ್ ಮೋಡೆಮ್‌ಗೆ ಸಿಕ್ಕಿಸಿದರೆ ಅದು ಗುಂಪಿನಿಂದ ಹೊರಗುಳಿಯುತ್ತದೆ. ಇಂಟರ್‌ನೆಟ್ ಕಂಪನಿಯ ಮೋಡೆಮ್ ಕೂಡ ರೌಟರ್ ಆಗಿ ದುಡಿಯುತ್ತಿದ್ದರೆ, ಎರಡರಲ್ಲಿ ಒಂದನ್ನು ಆ ಕೆಲಸದಿಂದ ಬಿಡಿಸುವುದು ಲೇಸು.

ಮ್ಯಾನೇಜ್ಡ್ ಸ್ವಿಚ್ ಯಾರಿಗೆ ಬೇಕು?

ಸಾಮಾನ್ಯ ಸ್ವಿಚ್ಚಿಗೆ ಯಾವ ಹೊಂದಾಣಿಕೆಯೂ ಬೇಡ. ಮ್ಯಾನೇಜ್ಡ್ ಸ್ವಿಚ್ ಮಾತ್ರ ಯಾವ ತಂತಿಯಲ್ಲಿ ಏನು ಹರಿಯಬೇಕೆಂಬುದನ್ನು ನಮ್ಮ ಆಜ್ಞೆಯಂತೆ ನಡೆಸುತ್ತದೆ. ಭದ್ರತಾ ಕ್ಯಾಮೆರಾಗಳನ್ನು ಮನೆಯ ಕಂಪ್ಯೂಟರುಗಳಿಂದ ಬೇರ್ಪಡಿಸಬೇಕಾದಲ್ಲಿ ಇದು ಉಪಯುಕ್ತ. ಒಂದೇ ತಂತಿಯಲ್ಲಿ ಹಲವು ಜಾಲಗಳನ್ನು ಬೇರೆಬೇರೆಯಾಗಿ ಸಾಗಿಸುವ ಈ ವಿಧಾನಕ್ಕೆ ‘ವಿಎಲ್ಎಎನ್’ ಎಂದು ಹೆಸರು. ಪ್ರತಿ ಜಾಲಕ್ಕೂ 1ರಿಂದ 4094ರೊಳಗಿನ ಒಂದು ಸಂಖ್ಯೆಯ ಗುರುತಿರುತ್ತದೆ. ಆದರೆ ರೌಟರಿಗೂ ಈ ಸಂಖ್ಯೆಗಳು ಅರ್ಥವಾಗಬೇಕು. ಮನೆಬಳಕೆಯ ಮೆಶ್ ಪೆಟ್ಟಿಗೆಗಳಲ್ಲಿ ಅನೇಕವು ಇದಕ್ಕೆ ಅವಕಾಶ ಕೊಡುವುದಿಲ್ಲ. ಸ್ವಿಚ್ ಒಂದನ್ನೇ ಕೊಂಡರೆ ಜಾಲ ಬೇರ್ಪಡುವುದಿಲ್ಲವೆಂಬುದನ್ನು ಮರೆಯಬಾರದು.

ಇಲ್ಲಿ ಎರಡು ತೊಡಕುಗಳುಂಟು. ಮೊದಲನೆಯದು ಅತಿಥಿಗಳಿಗೆಂದು ಇಟ್ಟ ವೈಫೈಗೆ ಸಂಬಂಧಿಸಿದ್ದು. ಕೆಲವು ಮೆಶ್ ಪೆಟ್ಟಿಗೆಗಳು ಅದನ್ನು ತಮ್ಮದೇ ಸಂಖ್ಯೆಯ ಗುರುತು ಹಾಕಿ ತಂತಿಯಲ್ಲಿ ಕಳುಹಿಸುತ್ತವೆ. ಆ ಸಂಖ್ಯೆಯ ಪರಿಚಯವಿಲ್ಲದ ಮ್ಯಾನೇಜ್ಡ್ ಸ್ವಿಚ್ ಅದನ್ನು ತಡೆದುಬಿಡುತ್ತದೆ. ಆಗ ಅತಿಥಿ ವೈಫೈ ಹಜಾರದಲ್ಲಿ ನಡೆಯುತ್ತದೆ, ಒಳಕೋಣೆಯಲ್ಲಿ ನಡೆಯುವುದಿಲ್ಲ.

ಎರಡನೆಯದು ಸುತ್ತು. ಎರಡು ಪೆಟ್ಟಿಗೆಗಳ ನಡುವೆ ತಂತಿಯ ಹಾದಿ, ಗಾಳಿಯ ಹಾದಿ ಎರಡೂ ಏಕಕಾಲಕ್ಕೆ ತೆರೆದಿದ್ದರೆ ಮಾಹಿತಿ ಸುತ್ತುತ್ತಲೇ ಇರುತ್ತದೆ. ಈಥರ್‌ನೆಟ್ ಸಂದೇಶಕ್ಕೆ ಆಯುಷ್ಯದ ಮಿತಿ ಇಲ್ಲವಾದ್ದರಿಂದ ಕ್ಷಣಾರ್ಧದಲ್ಲಿ ಇಡೀ ಮನೆಯ ಜಾಲ ಸ್ತಬ್ಧವಾಗಬಹುದು. ಇದನ್ನು ತಡೆಯುವ ‘ಸ್ಪ್ಯಾನಿಂಗ್ ಟ್ರೀ’ ವಿಧಾನವನ್ನು ಅಮೆರಿಕದ ರಾಡಿಯಾ ಪರ್ಲ್‌ಮನ್ ಅವರು 1985ರಲ್ಲಿ ರೂಪಿಸಿದರು. ಮೆಶ್ ಪೆಟ್ಟಿಗೆಗಳು ತಂತಿಯನ್ನು ಗುರುತಿಸಿ ಗಾಳಿಯ ಹಾದಿಯನ್ನು ತಾವೇ ಮುಚ್ಚಬೇಕು. ಕೆಲವು ಪೆಟ್ಟಿಗೆಗಳು ಇದಕ್ಕಾಗಿ ಕಳುಹಿಸುವ ವಿಶೇಷ ಸಂದೇಶಗಳನ್ನು ನಡುವಣ ಮ್ಯಾನೇಜ್ಡ್ ಸ್ವಿಚ್ ನುಂಗಿದರೆ ಈ ಏರ್ಪಾಡು ಕೆಡುತ್ತದೆ. ಇಂತಹ ಸಂದೇಹ ಬಂದಾಗ ಮ್ಯಾನೇಜ್ಡ್ ಸ್ವಿಚ್ಚಿನ ಬದಲು ಸಾಮಾನ್ಯ ಸ್ವಿಚ್ಚನ್ನು ಒಂದು ದಿನದ ಮಟ್ಟಿಗೆ ಇಟ್ಟು ನೋಡಬೇಕು. ತೊಂದರೆ ಮಾಯವಾದರೆ ದೋಷವಿರುವುದು ಪೆಟ್ಟಿಗೆಗಳಲ್ಲಲ್ಲ, ಸ್ವಿಚ್ಚಿನ ಹೊಂದಾಣಿಕೆಯಲ್ಲಿ.

ಎರಡು ಮೂರು ಪೆಟ್ಟಿಗೆಗಳು, ಒಂದು ಟಿವಿ, ಒಂದೆರಡು ಕಂಪ್ಯೂಟರು ಇರುವ ಮನೆಗೆ ಐದು ಅಥವಾ ಎಂಟು ತಂತಿಗಳ ಸಾಮಾನ್ಯ ಗಿಗಾಬಿಟ್ ಸ್ವಿಚ್ ಸಾಕು ಎಂಬುದು ನಮ್ಮ ಅಭಿಪ್ರಾಯ.

ಬರೆದಿಡಬೇಕಾದ ವಿವರ

ನಮ್ಮ ಮನೆಗಳಲ್ಲಿ ಇಂತಹ ಏರ್ಪಾಡನ್ನು ಮಾಡುವವರು ಬಹುಮಟ್ಟಿಗೆ ಮಕ್ಕಳು. ಅವರು ಉದ್ಯೋಗಕ್ಕೆಂದು ಬೆಂಗಳೂರಿಗೋ ವಿದೇಶಕ್ಕೋ ತೆರಳಿದ ಮೇಲೆ ಮನೆಯಲ್ಲಿ ಉಳಿಯುವವರು ಹಿರಿಯರು. ಸ್ವಿಚ್ಚಿನ ಪಾಸ್‌ವರ್ಡ್ ಮಗನ ನೆನಪಿನಲ್ಲಿ ಮಾತ್ರವಿದ್ದರೆ, ಜಾಲ ನಿಂತ ದಿನ ಆತನನ್ನು ವಿಡಿಯೋದಲ್ಲಿ ಕರೆದು ಕೇಳುವುದೂ ಕಷ್ಟ. ಆದುದರಿಂದ ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ, ಸ್ವಿಚ್ಚಿನ ಎಷ್ಟನೆಯ ಕಿಂಡಿಯಲ್ಲಿ ಯಾವುದಿದೆ, ಪಾಸ್‌ವರ್ಡ್ ಏನು, ಕರೆಂಟು ಹೋಗಿ ಬಂದಾಗ ಯಾವುದನ್ನು ಮೊದಲು ಹಚ್ಚಬೇಕು ಎಂಬುದನ್ನು ಕನ್ನಡದಲ್ಲಿಯೇ ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು, ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಬೇಕು. ತಂತಿಯ ಎರಡು ತುದಿಗಳಿಗೂ ಒಂದೇ ಸಂಖ್ಯೆಯ ಚೀಟಿ ಕಟ್ಟಬೇಕು. ಮಕ್ಕಳು ಮನೆಯಲ್ಲಿರುವಾಗಲೇ ಹಿರಿಯರು ಆ ಹಾಳೆಯನ್ನು ನೋಡಿಕೊಂಡು ಒಮ್ಮೆ ಎಲ್ಲವನ್ನೂ ಆರಿಸಿ ಹಚ್ಚಿ ರೂಢಿ ಮಾಡಿಕೊಂಡರೆ, ಮುಂದೆ ಸಣ್ಣಪುಟ್ಟ ತೊಂದರೆಗೆ ಬೇರೆಯವರ ದಾರಿ ಕಾಯಬೇಕಾಗುವುದಿಲ್ಲ.