ಸೈಕಲ್ಲಿನ ಬಿಳಿ ಬಣ್ಣ ಹಳದಿಯಾಗುವುದೇಕೆ?

ಹೊತ್ತು ಮುಳುಗಿದ ಮೇಲೆ ದಾವಣಗೆರೆಯಿಂದ ಹರಿಹರದ ಕಡೆಗೆ ಸೈಕಲ್ ತುಳಿಯುವವರು ನಿಮ್ಮ ಮನೆಯಲ್ಲೂ ಇರಬಹುದು. ಹಿಂದಿನ ಮಡ್‌ಗಾರ್ಡಿನ ತುದಿಗೆ ಬಿಳಿ ಬಣ್ಣ ಇರುವುದು ಚೆಂದಕ್ಕಲ್ಲ, ಹಿಂದೆ ಬರುವ ಲಾರಿಯವನ ಕಣ್ಣಿಗೆ ಬೀಳಲೆಂದು.

ಆ ಬಿಳಿ ಕೆಲವು ತಿಂಗಳಲ್ಲೇ ಹಳದಿಗೆ ತಿರುಗಿತು, ಒರೆಸಿದರೂ ಹೋಗಲೊಲ್ಲದು ಅಂತೀರಾ? ಬಣ್ಣ ಹಚ್ಚಿದವನನ್ನು ಬಯ್ಯುವ ಮುಂಚೆ ಸೈಕಲ್ಲು ರಾತ್ರಿ ಎಲ್ಲಿ ನಿಲ್ಲುತ್ತೆ ನೋಡಿ. ಎಮ್ಮೆಯ ಪಕ್ಕದಲ್ಲೇ ಅಲ್ಲವೆ?

ಎಣ್ಣೆಬಣ್ಣ ಒಣಗುವುದು ಬಟ್ಟೆ ಒಣಗಿದ ಹಾಗಲ್ಲ. ಅದರೊಳಗಿನ ಅಗಸೆ ಎಣ್ಣೆಯಂಥ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಆಗ ಹಳದಿ ಅಂಶವೂ ಹುಟ್ಟುತ್ತದೆ. ಬೆಳಕು ಬಿದ್ದರೆ ಅದು ಮಾಸುತ್ತದೆ, ಕತ್ತಲಲ್ಲಿ ಉಳಿದುಬಿಡುತ್ತದೆ. ಗಂಜಲದಿಂದ ಏಳುವ, ಮೂಗು ಚುರುಗುಟ್ಟಿಸುವ ಅಮೋನಿಯಾ ಇದನ್ನು ಇನ್ನೂ ಬೇಗ ಮಾಡುತ್ತದೆ.

ಸೈಕಲ್ಲನ್ನು ಕೆಲವು ದಿನ ಬಿಸಿಲಿಗೆ ನಿಲ್ಲಿಸಿ. ಹಳದಿ ತಗ್ಗಿದರೆ ಕೊಟ್ಟಿಗೆಯದೇ ತಪ್ಪು. ಇನ್ನು ಮುಂದೆ ಬೆಳಕಿರುವ ಜಗುಲಿಗೆ ತನ್ನಿ.

ಅಂಚಿನಿಂದ, ನಟ್ಟಿನ ಸುತ್ತಿನಿಂದ ಕಂದು ಗೆರೆ ಇಳಿದಿದ್ದರೆ ಅದು ತುಕ್ಕು. ಮೇಲೆ ಎಷ್ಟು ಬಿಳಿ ಬಳಿದರೂ ಮತ್ತೆ ಏಳುತ್ತೆ. ಕಬ್ಬಿಣ ಕಾಣುವವರೆಗೆ ಉಜ್ಜಿ, ಒಣಗಿಸಿ, ರೆಡ್ ಆಕ್ಸೈಡ್ ಹಚ್ಚಿ, ಆಮೇಲೆ ಬಿಳಿ ಎನಾಮಲ್ ಬಳಿಯಿರಿ.

ಆದರೆ ಹಳೆಯ ಬಣ್ಣದಲ್ಲಿ ಸೀಸ ಇದ್ದೀತು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್ 1ರಂದು. ಒಣಗಿದ್ದನ್ನು ಉಜ್ಜಬೇಡಿ, ಎಮರಿ ಕಾಗದವನ್ನು ನೀರಲ್ಲಿ ಅದ್ದಿ ಉಜ್ಜಿ. ಮಕ್ಕಳನ್ನು ದೂರ ಕಳಿಸಿ, ಆ ರಾಡಿಯನ್ನು ದನ ಮೇಯುವ ಕಡೆ ಚೆಲ್ಲಬೇಡಿ.