ತಿರುಗುವ ಯಂತ್ರಗಳ ತೂಕದೋಷ

ಮನೆಯ ಫ್ಯಾನು ಮೆಲ್ಲಗೆ ತಿರುಗುವಾಗ ಶಾಂತವಾಗಿದ್ದು, ವೇಗವನ್ನು ಹೆಚ್ಚಿಸಿದೊಡನೆ ಓಲಾಡತೊಡಗುವುದನ್ನು ವಾಚಕರು ಕಂಡಿರಬಹುದು. ಅದರ ಕೆಳಗೆಯೇ ಮಗುವಿನ ತೊಟ್ಟಿಲು ಇರುವುದೂ ಉಂಟು. ‘ಹಳತಾಯಿತು’ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಇದು ಅನೇಕ ವೇಳೆ ವಯಸ್ಸಿನ ದೋಷವಲ್ಲ, ತೂಕದ ದೋಷ.

ಚಕ್ರದ ಭಾರವು ಅಚ್ಚಿನ ಸುತ್ತಲೂ ಸಮನಾಗಿ ಹಂಚಿದ್ದರೆ ಒಂದು ಪಕ್ಕದ ಸೆಳೆತವನ್ನು ಎದುರು ಪಕ್ಕದ ಸೆಳೆತವು ಕಳೆಯುತ್ತದೆ. ಒಂದೆಡೆ ಭಾರ ಹೆಚ್ಚಿದರೆ ಅಷ್ಟು ಸೆಳೆತವು ಉಳಿದು, ಚಕ್ರದೊಡನೆ ತಾನೂ ಸುತ್ತುತ್ತ ಅಚ್ಚನ್ನು ಎಲ್ಲ ದಿಕ್ಕಿಗೂ ಜಗ್ಗುವುದು. ವೇಗವು ಇಮ್ಮಡಿಯಾದರೆ ಈ ಸೆಳೆತವು ನಾಲ್ಮಡಿಯಾಗುವುದು. ಅಚ್ಚಿನಿಂದ 60 ಸೆಂಟಿಮೀಟರ್ ದೂರದ ರೆಕ್ಕೆಯ ತುದಿಯಲ್ಲಿ 10 ಗ್ರಾಂ ಹೆಚ್ಚಾಗಿದೆಯೆಂದು ಭಾವಿಸೋಣ. ನಿಮಿಷಕ್ಕೆ 150 ಸುತ್ತಿನಲ್ಲಿ ಅದರ ಸೆಳೆತವು ಸುಮಾರು 150 ಗ್ರಾಂ ಭಾರಕ್ಕೆ ಸಮ. 300 ಸುತ್ತಿನಲ್ಲಿ ಸುಮಾರು 600 ಗ್ರಾಂ ಭಾರಕ್ಕೆ ಸಮ. ಹೀಗೆ ಜಗ್ಗಿಸಿಕೊಂಡೇ ತಿರುಪುಗಳು ಸಡಿಲಾಗುತ್ತವೆ, ಬೇರಿಂಗು ಸವೆಯುತ್ತದೆ.

ಪರಿಹಾರಕ್ಕೆ ಮೊದಲು ತೊಟ್ಟಿಲನ್ನು ಸರಿಸಿ, ವಿದ್ಯುತ್ತನ್ನು ನಿಲ್ಲಿಸತಕ್ಕದ್ದು. ರೆಕ್ಕೆಗಳ ಧೂಳನ್ನೊರೆಸಿ, ತಿರುಪುಗಳನ್ನೂ ಮೇಲಿನ ಕೊಕ್ಕೆಯನ್ನೂ ಪರೀಕ್ಷಿಸಬೇಕು. ಅಳತೆಯ ಕೋಲನ್ನು ಒಂದೇ ಕಡೆ ಹಿಡಿದು, ಫ್ಯಾನನ್ನು ಕೈಯಿಂದ ತಿರುಗಿಸುತ್ತ, ಪ್ರತಿ ರೆಕ್ಕೆಯ ತುದಿಯೂ ಮಾಳಿಗೆಯಿಂದ ಸಮದೂರದಲ್ಲಿದೆಯೇ ಎಂದು ನೋಡಬೇಕು; ಬಗ್ಗಿದ ರೆಕ್ಕೆಯಿಂದಲೂ ಓಲಾಟವುಂಟಾಗುವುದು. ಒಂದು ಫ್ಯಾನಿನ ರೆಕ್ಕೆಯನ್ನು ಮತ್ತೊಂದಕ್ಕೆ ತೊಡಿಸಬಾರದು.

ಇಷ್ಟಾದರೂ ಓಲಾಡಿದರೆ, ಒಂದು ರೂಪಾಯಿಯ ನಾಣ್ಯವನ್ನು ಒಂದು ರೆಕ್ಕೆಯ ಮೇಲ್ಭಾಗದ ನಡುವೆ ಅಂಟುಪಟ್ಟಿಯಿಂದ ಬಿಗಿಯಾಗಿ ಅಂಟಿಸಿ, ದೂರ ನಿಂತು, ಮಂದವೇಗದಲ್ಲಿ ನಡೆಸಿ ನೋಡಬೇಕು. ಪ್ರತಿ ಸಲವೂ ಯಂತ್ರವನ್ನು ನಿಲ್ಲಿಸಿ, ಉಳಿದ ರೆಕ್ಕೆಗಳಲ್ಲಿಯೂ ಹೀಗೆಯೇ ಪರೀಕ್ಷಿಸಿದರೆ, ಎಲ್ಲಿ ಓಲಾಟವು ಅತ್ಯಲ್ಪವೋ ಅಲ್ಲಿಯೇ ಭಾರದ ಕೊರತೆಯಿದೆಯೆಂದು ತಿಳಿಯಬಹುದು. ಅನಂತರ ನಾಣ್ಯವನ್ನು ತುದಿಯ ಕಡೆಗೋ ಅಚ್ಚಿನ ಕಡೆಗೋ ಸರಿಸುತ್ತ ತಕ್ಕ ಸ್ಥಾನವನ್ನು ಗೊತ್ತುಮಾಡಬಹುದು.

ಫ್ಯಾನು ತೆಳುವಾದ ಚಕ್ರದಂತಿರುವುದರಿಂದ ಇಷ್ಟು ಸಾಕು. ಮೋಟಾರು ಗಾಡಿಯ ಚಕ್ರವಾದರೋ ಅಗಲವಾದುದು. ಅದರ ಒಳಅಂಚಿನಲ್ಲಿ ಒಂದು ಕಡೆ, ಹೊರಅಂಚಿನಲ್ಲಿ ಅದರ ಎದುರು ಕಡೆ ಭಾರ ಹೆಚ್ಚಿದ್ದರೆ, ನಿಂತಾಗ ಸಮವೆಂದು ತೋರಿದರೂ ಓಡುವಾಗ ಅದು ಅದುರುವುದು. ಆದುದರಿಂದಲೇ ಯಂತ್ರದಲ್ಲಿ ತಿರುಗಿಸಿ ನೋಡಿ ಎರಡು ಅಂಚುಗಳಿಗೂ ಬೇಕಾದಷ್ಟು ತೂಕವನ್ನು ಅಂಟಿಸುತ್ತಾರೆ.

ಬಟ್ಟೆ ಒಗೆಯುವ ಯಂತ್ರದಲ್ಲಿ ದೋಷವು ಅನೇಕ ವೇಳೆ ಯಂತ್ರದ್ದೇ ಅಲ್ಲ. ನೆನೆದ ಕಂಬಳಿಯು ಒಂದೆಡೆ ಮುದ್ದೆಯಾದರೆ ಹಿಂಡುವಾಗ ಯಂತ್ರವು ಕುಣಿಯುವುದು. ಅದರ ಮೇಲೆ ಕಲ್ಲು ಹೇರುವುದು ರೋಗವನ್ನು ಬಿಟ್ಟು ನರಳಿಕೆಯನ್ನು ಅದುಮಿದಂತೆ. ನಿಲ್ಲಿಸಿ, ಬಟ್ಟೆಯನ್ನು ಬಿಡಿಸಿ ಹರಡಿದರೆ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಫ್ಯಾನು ಓಲಾಡುತ್ತಿದ್ದರೆ ಕೊಕ್ಕೆಯನ್ನೂ ಬೇರಿಂಗನ್ನೂ ಬಲ್ಲವರಿಗೆ ತೋರಿಸಬೇಕು. ಅಲ್ಲಿಯವರೆಗೆ ತೊಟ್ಟಿಲು ಬೇರೆ ಕೋಣೆಯಲ್ಲಿರಲಿ.