ಗೋಡೆ ಏರಿದ ಟಿ.ವಿ.: ಭಾರ ಹೊರುವವರು ಯಾರು?

1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂದಾಗ ಟಿ.ವಿ. ಎಂದರೆ ಒಂದು ದೊಡ್ಡ ಪೆಟ್ಟಿಗೆ. ನಡುಮನೆಯ ಮೂಲೆಯಲ್ಲಿ ಅದಕ್ಕೊಂದು ಗಟ್ಟಿ ಮೇಜು, ಧೂಳು ಕೂರದಂತೆ ಮೇಲೊಂದು ಕಸೂತಿ ಬಟ್ಟೆ. ಪೆಟ್ಟಿಗೆ ಅಷ್ಟು ಆಳವಾಗಿರಲು ಕಾರಣ ಅದರೊಳಗಿನ ಚಿತ್ರನಳಿಕೆ. ಹಿಂಬದಿಯಿಂದ ಹೊರಟ ಎಲೆಕ್ಟ್ರಾನುಗಳ ಧಾರೆ ಪರದೆಯ ಮೂಲೆ ಮೂಲೆಗೂ ತಲುಪಬೇಕಾದರೆ ನಡುವೆ ಸಾಕಷ್ಟು ದೂರ ಬೇಕಿತ್ತು. ಇಂದಿನ ದ್ರವಸ್ಫಟಿಕ ಪರದೆಗೆ ಆ ದೂರದ ಅಗತ್ಯವಿಲ್ಲ. ಹೀಗಾಗಿ ಟಿ.ವಿ. ತೆಳುವಾಯಿತು, ಹಗುರವಾಯಿತು, ಮೇಜು ಬಿಟ್ಟು ಗೋಡೆ ಏರಿತು.

ಗೋಡೆಗೆ ಹಾಕಿದ ಟಿ.ವಿ. ನೋಡಲು ಚೆಂದ. ತಂತಿಗಳು ಕಾಣದಿದ್ದರೆ ಇನ್ನೂ ಚೆಂದ. ಆದರೆ ಈ ಚೆಂದದ ಹಿಂದೆ ಎರಡು ಪ್ರಶ್ನೆಗಳಿವೆ. ಕಣ್ಣಿಗೆ ಕಾಣದ ಆ ಮೊಳೆಗಳು ಎಷ್ಟು ಭಾರ ಹೊರುತ್ತಿವೆ? ಮುಚ್ಚಿಟ್ಟ ತಂತಿಗಳು ಎಷ್ಟು ಕ್ಷೇಮವಾಗಿವೆ? ಎರಡಕ್ಕೂ ಉತ್ತರ ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲೇ ಇದೆ.

ಎರಡೂವರೆ ಕಿಲೋ ಸಾಕು

ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಪಾದದ ಒಳಗೆ ಬೀಳುವ ತನಕ ಯಾವ ವಸ್ತುವೂ ಉರುಳುವುದಿಲ್ಲ. ತೆಳು ಟಿ.ವಿ.ಯ ತೊಂದರೆ ಇರುವುದು ಇಲ್ಲೇ. ಅದರ ಮೈ ಎತ್ತರ, ಪಾದ ಕಿರಿದು. 15 ಕಿಲೋ ತೂಕದ ಒಂದು ಟಿ.ವಿ. ಮೇಜಿನ ಮೇಲೆ ನಿಂತಿದೆ ಎಂದುಕೊಳ್ಳೋಣ. ಅದರ ಲಂಬರೇಖೆಯಿಂದ ಪಾದದ ಮುಂದಿನ ಅಂಚಿಗೆ 12 ಸೆಂಟಿಮೀಟರ್, ಟಿ.ವಿ.ಯ ಮೇಲಂಚಿನ ಎತ್ತರ 72 ಸೆಂಟಿಮೀಟರ್. 15ನ್ನು 12ರಿಂದ ಗುಣಿಸಿ 72ರಿಂದ ಭಾಗಿಸಿದರೆ ಬರುವುದು ಎರಡೂವರೆ. ಅಂದರೆ ಮೇಲಂಚನ್ನು ಹಿಡಿದು ಎರಡೂವರೆ ಕಿಲೋ ಬಲದಿಂದ ಜಗ್ಗಿದರೆ ಸಾಕು, ಟಿ.ವಿ. ಮುಂದಕ್ಕೆ ವಾಲುತ್ತದೆ. ಮೇಜಿನ ಡ್ರಾಯರನ್ನು ಮೆಟ್ಟಿಲು ಮಾಡಿಕೊಂಡು ಹತ್ತುವ ಮೂರು ವರ್ಷದ ಮಗುವಿಗೆ ಇದು ದೊಡ್ಡ ಬಲವಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಟಿ.ವಿ.ಯನ್ನು ಗೋಡೆಗೆ ಬಿಗಿಯುವುದು ಅಲಂಕಾರಕ್ಕಿಂತ ಹೆಚ್ಚಾಗಿ ರಕ್ಷಣೆ. ಆದರೆ ಸರಿಯಾಗಿ ಬಿಗಿದರೆ ಮಾತ್ರ!

ಅದೇ ಟಿ.ವಿ., ಹತ್ತರಷ್ಟು ಎಳೆತ

ಟಿ.ವಿ. ತೂಗುಹಾಕುವ ಚೌಕಟ್ಟುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಗೋಡೆಗೆ ಅಂಟಿದಂತೆ ಕೂರುವುದು. ಇನ್ನೊಂದು, ತೋಳಿನಂತೆ ಮುಂದಕ್ಕೆ ಚಾಚಿ ಬೇಕಾದ ಕಡೆ ತಿರುಗುವುದು. ಟಿ.ವಿ.ಯ ತೂಕ ಎರಡರಲ್ಲೂ ಒಂದೇ. ಆದರೆ ಗೋಡೆಯ ಪಾಲಿಗೆ ಎರಡೂ ಒಂದೇ ಅಲ್ಲ.

ಚೌಕಟ್ಟಿನ ಮೇಲಿನ ಸ್ಕ್ರೂಗಳಿಗೂ ಕೆಳಗಿನ ಸ್ಕ್ರೂಗಳಿಗೂ ನಡುವಿನ ಅಂತರ 20 ಸೆಂಟಿಮೀಟರ್ ಇರಲಿ. ಟಿ.ವಿ.ಯ ಗುರುತ್ವ ಕೇಂದ್ರ ಗೋಡೆಯಿಂದ 5 ಸೆಂಟಿಮೀಟರ್ ದೂರದಲ್ಲಿದ್ದರೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ 15×5÷20, ಅಂದರೆ ನಾಲ್ಕು ಕಿಲೋಗೂ ಕಡಿಮೆ. ಅದೇ ಟಿ.ವಿ.ಯನ್ನು ತೋಳಿನ ತುದಿಯಲ್ಲಿ 50 ಸೆಂಟಿಮೀಟರ್ ಮುಂದಕ್ಕೆ ಚಾಚಿದರೆ ಆ ಎಳೆತ 15×50÷20, ಅಂದರೆ ಮೂವತ್ತೇಳೂವರೆ ಕಿಲೋ. ಹತ್ತರಷ್ಟು! ತೋಳಿನ ಸ್ವಂತ ತೂಕ ಇದರ ಮೇಲೆ ಬೇರೆ. ವಿಜ್ಞಾನದಲ್ಲಿ ಇದನ್ನು ಟಾರ್ಕ್, ಅಂದರೆ ತಿರುಗುಬಲ ಎನ್ನುತ್ತಾರೆ. ಬಾಗಿಲನ್ನು ತಿರುಗಣೆಯ ಬಳಿ ತಳ್ಳುವುದು ಕಷ್ಟ, ಹಿಡಿಯ ಬಳಿ ತಳ್ಳುವುದು ಸುಲಭ. ಇಲ್ಲಿಯೂ ಅದೇ ತತ್ವ ಕೆಲಸ ಮಾಡುತ್ತದೆ.

ಚೌಕಟ್ಟು ಕೊಳ್ಳುವಾಗ ಇನ್ನೊಂದು ಅಳತೆ ನೋಡಬೇಕು. ಬಹುತೇಕ ಟಿ.ವಿ.ಗಳ ಬೆನ್ನಿನಲ್ಲಿ ನಾಲ್ಕು ಸ್ಕ್ರೂ ತೂತುಗಳಿರುತ್ತವೆ. ಅವುಗಳ ನಡುವಿನ ಅಂತರಕ್ಕೆ ‘ವೆಸಾ’ ಎಂಬ ಅಂತರರಾಷ್ಟ್ರೀಯ ಸಂಘ ಮಾನಕಗಳನ್ನು ಗೊತ್ತುಮಾಡಿದೆ. 200×200, 400×400 ಎಂಬ ಅಂಕಿಗಳು ಮಿಲಿಮೀಟರಿನಲ್ಲಿ ಹೇಳುವುದು ಇದನ್ನೇ. ಟಿ.ವಿ. ಮತ್ತು ಚೌಕಟ್ಟಿನ ಅಂಕಿ ಹೊಂದಬೇಕು. ಚೌಕಟ್ಟು ತಾಳುವ ತೂಕ ಟಿ.ವಿ.ಯ ತೂಕಕ್ಕಿಂತ ಸಾಕಷ್ಟು ಹೆಚ್ಚಿರಬೇಕು.

ಮ್ಯೂಸಿಯಮ್ಮಿನ ಗೋಡೆ ಕಲಿಸಿದ ಪಾಠ

ಸ್ಕ್ರೂ ಮರದಲ್ಲಿ ತಾನೇ ಕಚ್ಚಿಕೊಳ್ಳುತ್ತದೆ. ಇಟ್ಟಿಗೆಯಲ್ಲಿ ಹಾಗಾಗದು. ಹಿಂದೆ ಗೋಡೆಯಲ್ಲಿ ದೊಡ್ಡ ತೂತು ಕೊರೆದು, ಮರದ ಬೆಣೆ ಬಡಿದು, ಅದಕ್ಕೆ ಸ್ಕ್ರೂ ಹಾಕುತ್ತಿದ್ದರು. 1910ರ ದಶಕದ ಆರಂಭದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ವಿದ್ಯುತ್ ಕೆಲಸ ನಡೆಯುವಾಗ, ಗೋಡೆ ಹಾಳಾಗದಂತೆ, ಕಣ್ಣಿಗೆ ಎದ್ದು ಕಾಣದಂತೆ ಸಾಧನಗಳನ್ನು ಕೂರಿಸಬೇಕೆಂಬ ಬೇಡಿಕೆ ಬಂತು. ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರ ಸೆಣಬಿನ ನಾರಿಗೆ ಅಂಟು ಬೆರೆಸಿ ಸಣ್ಣ ಕೊಳವೆ ಮಾಡಿದ. ಅಂಗಡಿಗಳಲ್ಲಿ ಜನ ಇಂದಿಗೂ ‘ರಾವಲ್ ಪ್ಲಗ್’ ಎಂದು ಕೇಳುವುದು ಆತನ ಹೆಸರನ್ನೇ. 1958ರಲ್ಲಿ ಜರ್ಮನಿಯ ಆರ್ಟರ್ ಫಿಶರ್ ಇದೇ ತತ್ವದ ನೈಲಾನ್ ಪ್ಲಗ್ ರೂಪಿಸಿದ.

ಪ್ಲಗ್‌ನ ಗುಟ್ಟು ಸರಳ. ಸ್ಕ್ರೂ ಒಳಹೋದಂತೆ ಅದು ಉಬ್ಬಿ ತೂತಿನ ಬದಿಗಳನ್ನು ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ಟಿ.ವಿ.ಯನ್ನು ಹಿಡಿದಿಡುವುದು ಈ ಘರ್ಷಣೆಯೇ. ಆದ್ದರಿಂದ ತೂತಿನ ಅಳತೆ ಪ್ಲಗ್‌ಗೆ ಸರಿಯಾಗಿರಬೇಕು, ಒಳಗಿನ ಧೂಳನ್ನು ತೆಗೆದಿರಬೇಕು. ಸಡಿಲವಾದ ತೂತಿಗೆ ಬೆಂಕಿಕಡ್ಡಿ ತುರುಕುವುದು ಕ್ಯಾಲೆಂಡರ್ ತೂಗುಹಾಕಲು ನಡೆದೀತು, ಟಿ.ವಿ.ಗೆ ನಡೆಯದು.

ಧೂಳು ಹೇಳುವ ಗುಟ್ಟು

ಗೋಡೆಯ ಮೇಲಿನ ಗಾರೆ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪದ ಹೊದಿಕೆ ಮಾತ್ರ. ಅದಕ್ಕೆ ಭಾರ ಹೊರುವ ಶಕ್ತಿಯಿಲ್ಲ. ಪ್ಲಗ್ ಅದನ್ನು ದಾಟಿ ಒಳಗಿನ ಗಟ್ಟಿ ಭಾಗಕ್ಕೆ ಹೋಗಬೇಕು. ಕೊರೆಯುವಾಗ ಮೊದಲು ಬೂದು ಧೂಳು, ಆಮೇಲೆ ಕೆಂಪು ಧೂಳು ಉದುರಿದರೆ ಇಟ್ಟಿಗೆ ಸಿಕ್ಕಿತೆಂದು ಅರ್ಥ. ಕೊನೆಯವರೆಗೂ ಬೂದು ಧೂಳೇ ಬಂದು ಯಂತ್ರಕ್ಕೆ ಕಷ್ಟವಾದರೆ ಕಾಂಕ್ರೀಟು. ಯಂತ್ರ ತಟ್ಟನೆ ಒಳಕ್ಕೆ ಜಾರಿದರೆ ಅಲ್ಲಿ ಟೊಳ್ಳು ಬ್ಲಾಕ್ ಇದೆ, ಅಥವಾ ಇಟ್ಟಿಗೆಗಳ ನಡುವಿನ ಸಂದಿ ಸಿಕ್ಕಿದೆ.

ಟೊಳ್ಳು ಬ್ಲಾಕಿಗೆ ಒಳಗೆ ಹೋಗಿ ಅರಳಿಕೊಳ್ಳುವ ಬೇರೆ ಬಗೆಯ ಪ್ಲಗ್ ಬೇಕು. ಕರಾವಳಿಯ ಕೆಂಪುಕಲ್ಲಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅಲ್ಲಿ ಉದ್ದನೆಯ ಪ್ಲಗ್ ಒಳ್ಳೆಯದು. ಹಳೆಯ ಮಣ್ಣಿನ ಗೋಡೆ ಇಂಥ ಎಳೆತವನ್ನು ತಾಳದು. ಅಂಥ ಮನೆಯಲ್ಲಿ ಅಗಲವಾದ ತಗ್ಗು ಮೇಜಿನ ಮೇಲೆ ಟಿ.ವಿ. ಇಟ್ಟು, ಹಿಂದಿನಿಂದ ಗಟ್ಟಿ ಪಟ್ಟಿಯಿಂದ ಮೇಜಿಗೆ ಬಿಗಿಯುವುದೇ ಜಾಣತನ.

ಎತ್ತರದ ಲೆಕ್ಕವೂ ಮುಖ್ಯ. ಪರದೆಯ ನಡುಭಾಗ ಕುಳಿತವರ ಕಣ್ಣಿನ ಮಟ್ಟಕ್ಕೆ ಹತ್ತಿರವಿರಬೇಕು. ಕುರ್ಚಿಯಲ್ಲಿ ಕೂರುವವರಿಗೆ ಇದು ನೆಲದಿಂದ ಸುಮಾರು 105 ಸೆಂಟಿಮೀಟರ್. ಚಾಪೆಯ ಮೇಲೆ ಕೂತು ನೋಡುವ ಮನೆಗಳಲ್ಲಿ ಇನ್ನೂ ಕೆಳಗೆ. ದೇವರ ಪಟದಂತೆ ಬಾಗಿಲ ಮೇಲಕ್ಕೆ ಏರಿಸಿದರೆ ಎಲ್ಲರಿಗೂ ಕತ್ತು ನೋವು. ತೂತು ಕೊರೆಯುವ ಮುನ್ನ ಗುರುತುಗಳನ್ನು ರಸಮಟ್ಟ ಇಟ್ಟು ಸರಿನೋಡುವುದು ಒಳ್ಳೆಯದು.

ಮುಚ್ಚಿದ್ದು ಕೈಗೆ ಸಿಗಬೇಕು

ಗೋಡೆಯೊಳಗಿನ ವಿದ್ಯುತ್ ತಂತಿಗಳು ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೆ, ಕೆಳಕ್ಕೆ ಅಥವಾ ಅಡ್ಡಕ್ಕೆ ಸಾಗುತ್ತವೆ. ಆ ಗೆರೆಗಳಲ್ಲಿ ತೂತು ಕೊರೆಯಬಾರದು. ಆಚೆ ಬದಿ ಬಚ್ಚಲುಮನೆಯಿದ್ದರೆ ನೀರಿನ ಪೈಪಿನ ಬಗೆಗೂ ಎಚ್ಚರ ಬೇಕು.

ಟಿ.ವಿ.ಯ ಮೆದು ವಿದ್ಯುತ್ ತಂತಿಯನ್ನು ಗೋಡೆ ಗೀರಿ ಹಾಗೇ ಹುದುಗಿಸಿ ಗಾರೆ ಮೆತ್ತುವುದು ಹಲವರು ಮಾಡುವ ತಪ್ಪು. ತಂತಿಯ ಹೊದಿಕೆ ಸೀಳಿದರೆ ತಿಳಿಯುವುದಿಲ್ಲ. ಮುಂದೊಂದು ದಿನ ಅಲ್ಲಿಯೇ ಮೊಳೆ ಹೊಡೆಯುವವರ ಜೀವಕ್ಕೇ ಅಪಾಯ. ಸರಿಯಾದ ದಾರಿ ಎರಡು. ಮನೆ ಕಟ್ಟುವಾಗಲೇ ಆದರೆ ಟಿ.ವಿ.ಯ ಹಿಂದೆಯೇ ಒಂದು ಸಾಕೆಟ್ ಕೂರಿಸಿ, ಅದರ ಸ್ವಿಚ್ ಮಾತ್ರ ಕೈಗೆಟುಕುವ ಕಡೆ ಇಡುವುದು. ಡಿಶ್ ಮತ್ತು ಎಚ್‌ಡಿಎಂಐ ಕೇಬಲ್ಲುಗಳಿಗೆ 40 ಮಿಲಿಮೀಟರಿನ ಪ್ರತ್ಯೇಕ ಪಿ.ವಿ.ಸಿ. ಪೈಪನ್ನು ಹುದುಗಿಸಬಹುದು. ಅದರ ತಿರುವುಗಳು ಮೃದುವಾಗಿರಲಿ. ಒಳಗೊಂದು ದಾರ ಬಿಟ್ಟಿರಲಿ, ಮುಂದೆ ಹೊಸ ಕೇಬಲ್ ಎಳೆಯಲು ಅದು ಬೇಕು. ಟಿ.ವಿ. ಬದಲಾಗುತ್ತದೆ, ಕೇಬಲ್ ಬದಲಾಗುತ್ತದೆ; ಗೋಡೆ ಮಾತ್ರ ಅದೇ. ಕಟ್ಟಿ ಮುಗಿದ ಮನೆಯಾದರೆ ಗೋಡೆಯ ಮೇಲೆ ಪಿ.ವಿ.ಸಿ. ಪಟ್ಟಿ ಕೂರಿಸಿ, ಅದರೊಳಗೆ ತಂತಿ ಹಾಯಿಸಿ, ಗೋಡೆಯ ಬಣ್ಣವನ್ನೇ ಬಳಿದರಾಯಿತು. ಖರ್ಚೂ ಕಡಿಮೆ, ಬೇಕಾದಾಗ ಬಿಚ್ಚಲೂಬಹುದು. ಹೊಸ ಸಾಕೆಟ್ ಕೂರಿಸುವ ಕೆಲಸವನ್ನು ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಈ ಮಾತಿನ ಬೆಲೆ ಗೊತ್ತಾಗುತ್ತದೆ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲಿನ ವೋಲ್ಟೇಜು ಆ ಕಿರಿದಾದ ಅಂತರವನ್ನು ದಾಟಬಲ್ಲದು, ಡಿಶ್‌ನ ಕೇಬಲ್ಲಿನಲ್ಲಿಯೂ ಇಳಿದು ಬರಬಲ್ಲದು. ಮೋಡ ಕವಿಯುವಾಗಲೇ, ಗುಡುಗು ಕೇಳುವ ಮೊದಲೇ, ಪ್ಲಗ್ಗನ್ನೂ ಡಿಶ್ ಕೇಬಲ್ಲನ್ನೂ ಕಳಚಿಡಬೇಕು. ಗುಡುಗು ಶುರುವಾದ ಮೇಲೆ ಅವುಗಳನ್ನು ಮುಟ್ಟಬಾರದು. ಟಿ.ವಿ.ಯ ಹಿಂದೆ ಕೈ ತೂರಲು ಜಾಗವೇ ಇಲ್ಲದಂತೆ ಎಲ್ಲವನ್ನೂ ಮುಚ್ಚಿದ್ದರೆ ಕಳಚುವುದು ಹೇಗೆ? ತಂತಿ ಕಣ್ಣಿಗೆ ಕಾಣದಿರಲಿ, ಆದರೆ ಕೈಗೆ ಸಿಗುವಂತಿರಲಿ.

ಮಾಡಿ ನೋಡಿ

ಒಂದು ದಪ್ಪ ನಿಘಂಟನ್ನು ಎದೆಗೆ ಒತ್ತಿ ಹಿಡಿದು ಒಂದು ನಿಮಿಷ ನಿಲ್ಲಿ. ಬಳಿಕ ಅದೇ ಪುಸ್ತಕವನ್ನು ಕೈ ಪೂರ್ತಿ ಚಾಚಿ ಹಿಡಿಯಿರಿ. ಪುಸ್ತಕದ ತೂಕ ಬದಲಾಗಿಲ್ಲ, ಆದರೂ ಭುಜ ನೋಯತೊಡಗುತ್ತದೆ. ಮನೆಯ ಟಿ.ವಿ. ತೋಳಿನ ಚೌಕಟ್ಟಿನಲ್ಲಿದ್ದರೆ, ನೋಡಿ ಮುಗಿದ ಮೇಲೆ ಅದನ್ನು ಗೋಡೆಗೆ ಒತ್ತಿ ಇಡಿ. ವರ್ಷಕ್ಕೊಮ್ಮೆ ಹಿರಿಯರ ಜೊತೆ ಸೇರಿ, ಮೇಲಿನ ಸ್ಕ್ರೂಗಳ ಸುತ್ತ ಗಾರೆ ಬಿರಿದಿದೆಯೇ, ಚೌಕಟ್ಟು ಗೋಡೆಯಿಂದ ಕೂದಲೆಳೆಯಷ್ಟಾದರೂ ಎದ್ದಿದೆಯೇ ಎಂದು ಪರೀಕ್ಷಿಸಿ. ಎದ್ದಿದ್ದರೆ ಅಂದೇ ಟಿ.ವಿ.ಯನ್ನು ಕೆಳಗಿಳಿಸಿ, ತೂತನ್ನು ಸರಿಪಡಿಸಿದ ಮೇಲೆಯೇ ಮತ್ತೆ ಏರಿಸಬೇಕು.